ಹಂಡೆಯ ನೀರೂ ಹೆಬ್ಬಾಳದ ಹಾದಿಯೂ

ಉಷ್ಣದ ಪಾಠವನ್ನು ಮುಗಿಸಿ, ಭೂಮಂಡಲದ ಸರಾಸರಿ ತಾಪ ಏರುತ್ತಿರುವ ವಿಚಾರವನ್ನು ತರಗತಿಯಲ್ಲಿ ವಿವರಿಸುತ್ತಿದ್ದೆ. ಹಿಂದಿನ ಸಾಲಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸಾರ್, ನಾನೊಬ್ಬಳು ತಣ್ಣೀರಿನಲ್ಲಿ ಮಿಂದರೆ ಭೂಮಿಯ ಜ್ವರ ಇಳಿಯುತ್ತದೆಯೇ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಪ್ರಶ್ನೆ ನಗುವಿನಲ್ಲಿ ಕರಗಿಹೋಗುವಂಥದಲ್ಲ. ನಾನೊಬ್ಬನಿಂದ ಏನಾದೀತು, ಸರ್ಕಾರವೇ ಮಾಡಬೇಕು ಎನ್ನುವವರದು ಒಂದು ಪಕ್ಷ. ಸರ್ಕಾರವನ್ನು ನೆಚ್ಚಿ ಕುಳಿತರಾಗದು, ಪ್ರತಿಯೊಬ್ಬನೂ ತನ್ನ ಮನೆಯನ್ನು ತಿದ್ದಿಕೊಳ್ಳಲಿ ಎನ್ನುವವರದು ಇನ್ನೊಂದು. ಇಬ್ಬರ ಕೈಯಲ್ಲಿರುವುದೂ ಅರ್ಧ ಸತ್ಯವೇ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. ಬೆಂಗಳೂರಿನ ಮಾಳಿಗೆಗಳತ್ತ ಕತ್ತೆತ್ತಿ ನೋಡಿದರೆ ಸಾಕು.

ಮೊದಲು ಲೆಕ್ಕ. ಒಂದು ಸಂಸಾರದ ಬೆಳಗಿನ ಸ್ನಾನಕ್ಕೆ 100 ಲೀಟರ್ ಬಿಸಿನೀರು ಬೇಕೆನ್ನೋಣ. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿರುವ ಆ ನೀರನ್ನು 60 ಡಿಗ್ರಿಗೆ ಏರಿಸಲು ಸುಮಾರು 16,700 ಕಿಲೋಜೌಲ್ ಶಾಖ ಬೇಕು. ವಿದ್ಯುತ್ತಿನ ಅಳತೆಯಲ್ಲಿ ನಾಲ್ಕೂವರೆ ಯೂನಿಟ್ಟಿಗೆ ತುಸು ಹೆಚ್ಚು. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ವಾಯುಮಂಡಲವನ್ನು ಸೇರುತ್ತದೆ. ಆದುದರಿಂದ ಒಂದು ಮನೆಯ ಒಂದು ದಿನದ ಸ್ನಾನದ ಪಾಲು ಮೂರು ಕಿಲೋಗ್ರಾಮಿಗೂ ಮಿಗಿಲು. ಇದರಲ್ಲಿ ಇನ್ನೊಂದು ವೈಚಿತ್ರ್ಯವುಂಟು. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲನ್ನು ಸುಟ್ಟು ಶಾಖವನ್ನು ಪಡೆಯುತ್ತೇವೆ. ಅದರ ಮೂರನೆಯ ಒಂದು ಪಾಲನ್ನಷ್ಟೇ ವಿದ್ಯುತ್ತಾಗಿಸಿ, ನೂರಾರು ಕಿಲೋಮೀಟರ್ ತಂತಿಯ ಮೇಲೆ ಹಾಯಿಸಿ ತಂದು, ಬಚ್ಚಲುಮನೆಯಲ್ಲಿ ಮತ್ತೆ ಶಾಖವನ್ನಾಗಿಸುತ್ತೇವೆ! ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ. ಸೂರ್ಯನಾದರೋ ಅದೇ ಶಾಖವನ್ನು ನೇರವಾಗಿ ಮಾಳಿಗೆಗೇ ತಂದು ಸುರಿಯುತ್ತಾನೆ.

ಈ ಮಾತನ್ನು ಬಹಳ ಹಿಂದೆಯೇ ಸ್ಪಷ್ಟವಾಗಿ ಹೇಳಿದವರು ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು. 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಅಲ್ಲಿ ಕಟ್ಟಿದವರು ಇವರೇ. ಜನರಿಗೆ ಬೇಕಾಗಿರುವುದು ಬೆಳಕು, ಬಿಸಿನೀರು, ಬೇಯಿಸಿದ ಅನ್ನ. ವಿದ್ಯುತ್ತು ಇವುಗಳಿಗೆ ಒಂದು ಸಾಧನವಷ್ಟೆ ಎಂಬುದು ಅವರ ವಾದ. 1990ರ ಸುಮಾರಿಗೆ ಅವರೂ ಅವರ ಸಹೋದ್ಯೋಗಿಗಳೂ ಕರ್ನಾಟಕಕ್ಕಾಗಿ ಸಿದ್ಧಪಡಿಸಿದ ವಿದ್ಯುತ್ ಯೋಜನೆಯಲ್ಲಿ, ವಿದ್ಯುತ್ ಗೀಸರುಗಳ ಬದಲು ಸೌರ ಜಲತಾಪಕಗಳನ್ನು ಬಳಸುವುದೂ ಒಂದು ಮುಖ್ಯ ಅಂಶವಾಗಿದ್ದಿತು.

ಆಗ ಆ ತಾಪಕವನ್ನು ಕೊಂಡವರು ವಿರಳ. ನೆರೆಯವರು ವಿಚಿತ್ರವಾಗಿ ನೋಡಿದರೂ, ಮೋಡದ ದಿನ ಏನು ಮಾಡುತ್ತೀರಿ ಎಂದು ಕೆಣಕಿದರೂ, ಅವರು ತಮ್ಮ ಹಣವನ್ನು ಹಾಕಿ ಕೂರಿಸಿದರು. ಅವರಿಂದ ಎರಡು ಉಪಕಾರಗಳಾದವು. ತಯಾರಿಸುವ, ದುರಸ್ತಿ ಮಾಡುವ ಕುಶಲಿಗಳು ಊರಿನಲ್ಲೇ ಬೆಳೆದರು. ಇದು ನಡೆಯುವ ಸಾಧನವೆಂಬ ನಂಬಿಕೆಯೂ ಬೆಳೆಯಿತು. ಆ ನಂಬಿಕೆ ಇದ್ದುದರಿಂದಲೇ, ನಿರ್ದಿಷ್ಟ ಅಳತೆಯನ್ನು ಮೀರಿದ ಹೊಸ ಮನೆಗಳಿಗೆ ಸೌರ ಜಲತಾಪಕವಿಲ್ಲದೆ ವಿದ್ಯುತ್ ಸಂಪರ್ಕವಿಲ್ಲ ಎಂಬ ನಿಯಮವನ್ನು 2007ರಲ್ಲಿ ಬೆಸ್ಕಾಂ ತರಲು ಸಾಧ್ಯವಾಯಿತು. ಯಾರೂ ಕಂಡರಿಯದ ವಸ್ತುವನ್ನು ಕಡ್ಡಾಯ ಮಾಡಿದ್ದರೆ ಜನ ಒಪ್ಪುತ್ತಿದ್ದರೇ? ಹಾಗೆಯೇ, ನಿಯಮವಿಲ್ಲದಿದ್ದರೆ ಈ ಸಾಧನ ಕೆಲವು ಉತ್ಸಾಹಿಗಳ ಹವ್ಯಾಸವಾಗಿಯೇ ಉಳಿಯುತ್ತಿತ್ತು. ಇಂದು ಯಲಹಂಕದಲ್ಲಾಗಲಿ ಆರ್. ಟಿ. ನಗರದಲ್ಲಾಗಲಿ ಮಾಳಿಗೆಯನ್ನೇರಿ ನಿಂತರೆ, ದಕ್ಷಿಣಕ್ಕೆ ಮುಖಮಾಡಿದ ಆ ಓರೆ ಫಲಕಗಳನ್ನು ಎಣಿಸಿ ಮುಗಿಸಲಾಗದು. (ನಿಯಮಕ್ಕೆ ಹೆದರಿ ತಾಪಕವನ್ನು ಮೇಲೇರಿಸಿ, ಕೊಳವೆಯನ್ನೇ ಜೋಡಿಸದೆ ಬಿಟ್ಟ ಮನೆಯನ್ನೂ ಕಂಡಿದ್ದೇನೆ. ಮನಸ್ಸಿಲ್ಲದ ಕಡೆ ಕಾಯಿದೆ ಅಷ್ಟಕ್ಕೇ ನಿಲ್ಲುತ್ತದೆ.)

ಬೆಳಗಿನ ಒಂದೇ ಹೊತ್ತಿನಲ್ಲಿ ಎರಡು ಲಕ್ಷ ಮನೆಗಳು 2 ಕಿಲೋವಾಟ್ ಗೀಸರನ್ನು ಹಚ್ಚಿದರೆ ಬೇಕಾಗುವ ಶಕ್ತಿ 400 ಮೆಗಾವಾಟ್. ಯಲಹಂಕದಲ್ಲಿ ಹಳೆಯ ಡೀಸೆಲ್ ವಿದ್ಯುದಾಗಾರವಿದ್ದಲ್ಲಿ ಕಟ್ಟಿ, 2024ರಲ್ಲಿ ಉದ್ಘಾಟಿಸಿದ ಅನಿಲ ವಿದ್ಯುತ್ ಸ್ಥಾವರದ ಪೂರ್ಣ ಸಾಮರ್ಥ್ಯ 370 ಮೆಗಾವಾಟ್. ತಣ್ಣೀರಿನ ಪ್ರಶ್ನೆ ಕೇಳಿದಾಕೆಗೆ ನಾನು ಕೊಟ್ಟ ಉತ್ತರ ಈ ಎರಡು ಸಂಖ್ಯೆಗಳೇ.

ಆದರೆ ಎಲ್ಲ ವಿಷಯಗಳಲ್ಲೂ ವ್ಯಕ್ತಿಗೆ ಹೀಗೆ ಮೊದಲ ಹೆಜ್ಜೆಯನ್ನಿಡುವ ಅವಕಾಶವಿರುವುದಿಲ್ಲ. ನಾನು ಯಲಹಂಕದಿಂದ ನಗರದ ನಡುವಣ ಕಾಲೇಜಿಗೆ ಹೋಗುವವನು. ದಿನವೂ ಹೆಬ್ಬಾಳದಲ್ಲಿ ಸ್ಕೂಟರಿನ ಮೇಲೆ ಹೊಗೆ ಕುಡಿಯುತ್ತ ನಿಲ್ಲುತ್ತೇನೆ. ವಾಹನವನ್ನು ಬಿಡಬೇಕೆಂಬ ಸಂಕಲ್ಪಕ್ಕೇನೂ ಕೊರತೆಯಿಲ್ಲ. ಸಮಯಕ್ಕೆ ತಲಪಿಸುವ ರೈಲು ಬೇಕಲ್ಲ! ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲುಸೇತುವೆಯನ್ನು ಸುಮಾರು 1,800 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಲು ಸರ್ಕಾರ ಹೊರಟಾಗ, 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಅದೇ ಹಾದಿಯಲ್ಲಿ ಕೈ ಕೈ ಹಿಡಿದು ನಿಂತರು. ಹಸಿರು ನ್ಯಾಯಮಂಡಳಿ ತಡೆಯಾಜ್ಞೆ ನೀಡಿತು; 2017ರ ಮಾರ್ಚಿಯಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಕಡಿಯಲಿದ್ದ 812 ಮರಗಳ ಮಾತೇ ಆಗ ಹೆಚ್ಚಾಗಿ ಕೇಳಿಬಂತು. ಅದಕ್ಕಿಂತ ದೊಡ್ಡ ಅಂಶ ಬೇರೆ: ಕಾರುಗಳಿಗಾಗಿ ಹಾದಿಯನ್ನು ಹಿಗ್ಗಿಸಿದಷ್ಟೂ ಕಾರುಗಳು ಬಂದು ತುಂಬುತ್ತವೆ.

ಬೇಡವೆಂದು ಹೇಳಿ ಗೆಲ್ಲುವುದು ಸುಲಭ. ಬೇಕೆಂದು ಹೇಳಿ ಪಡೆಯುವುದು ನಿಧಾನದ ಕೆಲಸ. 2016ರ ಡಿಸೆಂಬರಿನಲ್ಲಿ ಜನ ‘ಚುಕು ಬುಕು ಬೇಕು’ ಎಂದು ಉಪನಗರ ರೈಲಿಗಾಗಿ ಕೂಗಿದರು. ಯಲಹಂಕ, ಹೆಬ್ಬಾಳ, ಯಶವಂತಪುರಗಳನ್ನೆಲ್ಲ ಸ್ಪರ್ಶಿಸುವ, ಒಟ್ಟು 148 ಕಿಲೋಮೀಟರಿನ ಆ ಯೋಜನೆಗೆ 2022ರ ಜೂನಿನಲ್ಲಿ ಅಡಿಗಲ್ಲು ಬಿತ್ತು. ಅದು ಇನ್ನೂ ಪೂರ್ಣವಾಗಿಲ್ಲ. ಕೂಗಿದವರ ಪೈಕಿ ಬಹುಮಂದಿ ಮತ್ತೆ ಕೇಳುವುದನ್ನು ಬಿಟ್ಟಿದ್ದಾರೆ. ನಾನೂ ಬಿಟ್ಟವರಲ್ಲೊಬ್ಬನೆಂದು ಒಪ್ಪಿಕೊಳ್ಳಲೇಬೇಕು.

ಆ ವಿದ್ಯಾರ್ಥಿನಿ ಇರುವುದು ಹೆಬ್ಬಾಳದ ಬಹುಮಹಡಿ ಕಟ್ಟಡವೊಂದರ ನಡುವಣ ಅಂತಸ್ತಿನಲ್ಲಿ. ಮಾಳಿಗೆ ಎಲ್ಲರದೂ ಹೌದು, ಯಾರದೂ ಅಲ್ಲ. ತಾಪಕವನ್ನು ಕೂರಿಸಲು ಅವಳೊಬ್ಬಳ ಮನಸ್ಸು ಸಾಲದು. ಲೆಕ್ಕವನ್ನು ಬರೆದುಕೊಂಡು ತಂದೆಯವರೊಡನೆ ನಿವಾಸಿಗಳ ಸಂಘದ ಸಭೆಗೆ ಹೋದಳಂತೆ. ಅಷ್ಟೊಂದು ಮನೆಗಳಿಗೆ ಮಾಳಿಗೆಯ ವಿಸ್ತಾರ ಸಾಲದೆಂದು ಹಿರಿಯರೊಬ್ಬರು ಆಕ್ಷೇಪಿಸಿದರಂತೆ. 100 ಲೀಟರಿಗೆ ಸುಮಾರು 2 ಚದರ ಮೀಟರ್ ಫಲಕ ಬೇಕಾಗುತ್ತದೆಂದು ನಾನು ಹೇಳಿ ಕಳಿಸಿದ್ದೇನೆ. ಈ ಭಾನುವಾರ ಅವಳು ಅಳತೆಯ ಪಟ್ಟಿಯನ್ನು ಹಿಡಿದು ಮಾಳಿಗೆಯನ್ನು ಅಳೆಯಲಿದ್ದಾಳೆ. ಸಂಘದ ಸಭೆ ಮತ್ತೆ ಸೇರುವುದು ಬರುವ ತಿಂಗಳು.