ಸೀಸೆ ಒಡೆದರೆ ಆರೇ ಗಂಟೆ

2023ರ ಏಪ್ರಿಲ್‌ನಲ್ಲಿ ಸುಡಾನ್ ಅಂತರ್ಯುದ್ಧದಲ್ಲಿ ಹೊತ್ತಿ ಉರಿಯತೊಡಗಿದಾಗ ಕರ್ನಾಟಕಕ್ಕೆ ಹಠಾತ್ತನೆ ಹಕ್ಕಿಪಿಕ್ಕಿ ಬುಡಕಟ್ಟಿನವರ ನೆನಪಾಯಿತು. ಹುಣಸೂರು, ಚನ್ನಗಿರಿ, ಶಿವಮೊಗ್ಗ ಸೀಮೆಯ ಈ ಜನ ಗಿಡಮೂಲಿಕೆಯ ತಲೆಎಣ್ಣೆ ಮಾರುತ್ತಾ ಆಫ್ರಿಕಾದ ಊರೂರು ಸುತ್ತುವುದು ಹೊಸದೇನಲ್ಲ. ಟಿವಿಯವರಿಗೆ ಹೊಸದಾಗಿತ್ತು, ಅಷ್ಟೆ. ಅಲ್ಲಿದ್ದ ಭಾರತೀಯರನ್ನು ಕರೆತರಲು ಸರ್ಕಾರ ನಡೆಸಿದ ‘ಆಪರೇಷನ್ ಕಾವೇರಿ’ಯ ವಿಮಾನಗಳಲ್ಲಿ ಜೀವ ಉಳಿಸಿಕೊಂಡು ಬಂದವರಲ್ಲಿ ಹಲವರಿಗೆ ತಾಯ್ನಾಡಿನ ನಿಲ್ದಾಣದಲ್ಲೇ ಇನ್ನೊಂದು ತಡೆ ಕಾದಿತ್ತು. ಕೇಂದ್ರ ಆರೋಗ್ಯ ಸಚಿವಾಲಯ ಆ ದಿನಗಳಲ್ಲಿ ಕೊಟ್ಟ ಲೆಕ್ಕದಂತೆ, ಬಂದಿಳಿದ 1,191 ಮಂದಿಯಲ್ಲಿ 117 ಜನ ಕ್ವಾರಂಟೈನ್‌ನಲ್ಲಿದ್ದರು. ಅವರಿಗೆ ಹಳದಿ ಜ್ವರದ ಲಸಿಕೆ ಆಗಿರಲಿಲ್ಲ.

ಲಸಿಕೆಯಿಲ್ಲದೆ ಬಂದವರನ್ನು ಹೀಗೆ ತಡೆದಿಡುವ ನಿಯಮ ತಪ್ಪಲ್ಲ. ಭಾರತದಲ್ಲಿ ಈ ರೋಗವಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ, ಅಂದರೆ ಡೆಂಗಿಯ ಅದೇ ಸೊಳ್ಳೆ, ನಮ್ಮ ಗಲ್ಲಿಗಲ್ಲಿಯಲ್ಲಿದೆ. 2016ರಲ್ಲಿ ಅಂಗೋಲಾದಿಂದ ಮರಳಿದ ಕೆಲಸಗಾರರ ಜೊತೆ ರೋಗ ಚೀನಾಕ್ಕೂ ಕಾಲಿಟ್ಟಿತ್ತು. ಅಲ್ಲಿ ದೃಢಪಟ್ಟ ಪ್ರಕರಣಗಳು 11.

ಬಿಗಿ ಇರಲಿ. ಆದರೆ ವಾಪಸು ಬರುವಾಗ ಇರುವ ಈ ಬಿಗಿಯಲ್ಲಿ ಕಾಲು ಭಾಗದಷ್ಟು ಕಾಳಜಿಯಾದರೂ ಹೊರಡುವಾಗ ಬೇಡವೇ?

ಲಸಿಕೆ ಹಳೆಯದು, ನಂಬಿಕಸ್ಥ. ಅದನ್ನು ರೂಪಿಸಿದ ಮ್ಯಾಕ್ಸ್ ಥೈಲರ್‌ಗೆ 1951ರಲ್ಲೇ ನೊಬೆಲ್ ಬಂತು. 2016ರ ಜುಲೈನಿಂದ ಲಸಿಕೆಯ ಪ್ರಮಾಣಪತ್ರ ಜೀವನಪೂರ್ತಿ ಊರ್ಜಿತ. ಒಮ್ಮೆ ಚುಚ್ಚಿಸಿಕೊಂಡರೆ ಮುಗಿಯಿತು. ಆ ಒಮ್ಮೆಯೇ ಕಷ್ಟ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಇದು ಸಿಗುತ್ತದೆ. ಪಕ್ಕದ ಆಸ್ಪತ್ರೆಯಲ್ಲಿ ಕೇಳಿದರೆ ಪ್ರಯೋಜನವಿಲ್ಲ. ಇದಕ್ಕೆ ಸಿಬ್ಬಂದಿಯನ್ನು ಬೈದು ಸುಮ್ಮನಾಗುವಂತೆಯೂ ಇಲ್ಲ. ಲಸಿಕೆ ಪುಡಿಯ ರೂಪದಲ್ಲಿ, 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಸಾಮಾನ್ಯವಾಗಿ ಒಂದೇ ಸೀಸೆಯಲ್ಲಿ ಹಲವರಿಗಾಗುವಷ್ಟು ಡೋಸ್ ಇರುತ್ತದೆ. ಸೀಸೆ ಒಡೆದು ದ್ರಾವಣ ಬೆರೆಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಕಸಕ್ಕೆ. ಹತ್ತು ಡೋಸಿನ ಸೀಸೆಗೆ ಮೂವರೇ ಬಂದರೆ ಏಳು ಡೋಸ್ ದಂಡ. ಹಾಗಾಗಿ ವಾರದ ನಿಗದಿತ ದಿನ, ಮುಂಗಡ ನೋಂದಣಿ ಎಂಬೆಲ್ಲ ಕಟ್ಟುಪಾಡು.

ಹಕ್ಕಿಪಿಕ್ಕಿಗಳ ವಿಷಯದಲ್ಲಿ ಈ ಲೆಕ್ಕವೇ ತಲೆಕೆಳಗಾಗುತ್ತದೆ. ಅವರು ಹೊರಡುವುದೇ ಗುಂಪು ಗುಂಪಾಗಿ. ಹುಣಸೂರಿನ ಪಕ್ಷಿರಾಜಪುರದಂಥ ಕಡೆ ಒಂದು ಶಿಬಿರ ನಡೆಸಿದರೆ ಸೀಸೆ ತುಂಬ ಜನ ಸಿಗುತ್ತಾರೆ. ಲಸಿಕೆ ಎಲ್ಲರಿಗೂ ಹೊಂದದು, ನಿಜ; ಮೊಟ್ಟೆ ಆಗದವರು, ಗರ್ಭಿಣಿಯರು, ಅರವತ್ತು ದಾಟಿದವರನ್ನು ವಿಚಾರಿಸಿ ನೋಡಲು ವೈದ್ಯರು ಬೇಕು. ಪ್ರಮಾಣಪತ್ರದ ಹಳದಿ ಪುಸ್ತಿಕೆಗೆ ಅಧಿಕೃತ ಮೊಹರು ಬೇಕು, ಇಲ್ಲದಿದ್ದರೆ ನಕಲಿ ಪತ್ರದವರಿಗೆ ಸುಗ್ಗಿ. ಮಾನ್ಯತೆ ಪಡೆದ ಕೇಂದ್ರದ ತಂಡವೇ ಐಸ್ ಪೆಟ್ಟಿಗೆ ಹಿಡಿದು ಹೋದರೆ ಎರಡೂ ಸಾಧ್ಯ. ಪೋಲಿಯೊ ಹನಿಯನ್ನು ಮನೆಬಾಗಿಲಿಗೆ ಒಯ್ದ ಇಲಾಖೆಗೆ ಇದು ಹೇಳಿಕೊಡಬೇಕಾದ ವಿದ್ಯೆಯಲ್ಲ. ಜಿಲ್ಲಾ ವೈದ್ಯಕೀಯ ಕಾಲೇಜುಗಳಿಗೆ ತಿಂಗಳಿಗೊಂದು ದಿನದ ಮಾನ್ಯತೆ ಕೊಟ್ಟರೆ ಉಳಿದ ಪ್ರಯಾಣಿಕರ ಓಡಾಟವೂ ತಗ್ಗೀತು.

ಇನ್ನೊಂದು ತೊಡಕು ದಿನಗಳದ್ದು. ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ ಹತ್ತು ದಿನಗಳ ನಂತರ. ಟಿಕೆಟ್ ಕೈಗೆ ಬಂದ ಮೇಲೆ ಏಜೆಂಟನ ಬಾಯಿಂದ ಲಸಿಕೆಯ ಹೆಸರು ಕೇಳಿದವರಿಗೆ ಆ ಹತ್ತು ದಿನ ಎಲ್ಲಿಂದ ಬರಬೇಕು? ಪಾಸ್‌ಪೋರ್ಟ್ ಅರ್ಜಿ ಹಾಕುವಾಗಲೇ, ಕನ್ನಡದಲ್ಲಿ, ಇದನ್ನು ಕಿವಿಗೆ ಹಾಕಲು ಸರ್ಕಾರಕ್ಕೆ ಹೊಸ ಕಾನೂನೇನೂ ಬೇಕಿಲ್ಲ.