ಹುಟ್ಟುವ ಮುಂಚಿನ ಗ್ರಹಣ

ನೀವು ಬಸುರಿಯಾಗಿದ್ದಾಗ ಊರಿಂದ "ಗ್ರಹಣ ಇದೆ, ಹುಷಾರು" ಅನ್ನುವ ಫೋನ್ ಬಂದಿತ್ತೇ? ನನಗೆ ಬಂದಿತ್ತು. 2024ರ ಏಪ್ರಿಲ್ 8ರ ಖಗ್ರಾಸ ಸೂರ್ಯಗ್ರಹಣ ನಾವಿರುವ ಕ್ಲೀವ್‌ಲ್ಯಾಂಡ್ ಮೇಲೇ ಹಾದುಹೋಗುವುದಿತ್ತು. ನನಗಾಗ ಎಂಟು ತಿಂಗಳು. ಭಾರತದಲ್ಲಿ ಆ ಗ್ರಹಣ ಕಾಣದು, ಕಾಣದ ಗ್ರಹಣಕ್ಕೆ ಆಚರಣೆಯೂ ಇಲ್ಲ. ಆದರೂ ಅಮ್ಮ ಬಿಡಲಿಲ್ಲ. "ನಮಗಿಲ್ಲ ಕಣೇ, ನಿನಗಿದೆಯಲ್ಲ! ಹೊರಗೆ ಹೋಗಬೇಡ, ಚಾಕು ಕತ್ತರಿ ಮುಟ್ಟಬೇಡ" ಎಂದಳು ಶಿವಮೊಗ್ಗದಿಂದ.

ನಾನು ಸಂಶೋಧನೆ ಮಾಡುವವಳು, ನಕ್ಕು ಸುಮ್ಮನಾಗಬಹುದಿತ್ತು. ನಗು ಬರಲಿಲ್ಲ. ಅಮ್ಮನ ಭಯ ಎಲ್ಲಿಂದ ಬಂದದ್ದೆಂದು ನನಗೆ ಗೊತ್ತಿತ್ತು.

1980ರ ಫೆಬ್ರವರಿ 16ರ ಮಧ್ಯಾಹ್ನ ಕಾರವಾರ, ಹುಬ್ಬಳ್ಳಿ, ರಾಯಚೂರಿನ ಕಡೆ ಹಗಲೇ ಕತ್ತಲಾಯಿತು. ಆಗ ಹುಬ್ಬಳ್ಳಿಯಲ್ಲಿದ್ದ ನಮ್ಮ ದೊಡ್ಡಮ್ಮ ತುಂಬು ಐದು ತಿಂಗಳ ಬಸುರಿ. ಗ್ರಹಣ ಬಿಡುವ ಮುಂಚೆಯೇ ರಾತ್ರಿಯ ಅಡುಗೆಗೆಂದು ಬದನೆಕಾಯಿ ಹೆಚ್ಚಿದಳಂತೆ. ಜೂನ್‌ನಲ್ಲಿ ಮಗ ಹುಟ್ಟಿದ. ಸೀಳುತುಟಿ. ಅಣ್ಣನಿಗೆ ಚಿಕ್ಕಂದಿನಲ್ಲೇ ಆಪರೇಷನ್ ಆಯಿತು, ಈಗ ಮೀಸೆಯ ಕೆಳಗೆ ಗೆರೆಯೂ ಕಾಣುವುದಿಲ್ಲ. ದೊಡ್ಡಮ್ಮನ ಮನಸ್ಸಿನಿಂದ ಮಾತ್ರ ಆ ಬದನೆಕಾಯಿ ಹೋಗಲಿಲ್ಲ.

ಈಗ ಸ್ವಲ್ಪ ಲೆಕ್ಕ ನೋಡೋಣ. ಪಾಶ್ಚಾತ್ಯ ಜ್ಯೋತಿಷದಲ್ಲೂ ಜನನಪೂರ್ವ ಗ್ರಹಣವೆಂಬುದು ಒಂದಿದೆ. ಮಗು ಹುಟ್ಟುವುದಕ್ಕೆ ಮುಂಚೆ ಆದ ಕೊನೆಯ ಗ್ರಹಣ ಯಾವ ರಾಶಿಯ ಎಷ್ಟನೇ ಡಿಗ್ರಿಯಲ್ಲಿ ಆಯಿತೆಂದು ನೋಡಿ ಮಗುವಿನ ಬಾಳಿನ ಹಾದಿ ಹೇಳುತ್ತಾರೆ. ಅಂಥ ಗ್ರಹಣ ಪ್ರತಿಯೊಬ್ಬರಿಗೂ ಇರುತ್ತದೆ ಎನ್ನುತ್ತಾರೆ. ಈ ಒಂದು ಮಾತು ಖಗೋಳ ವಿಜ್ಞಾನಕ್ಕೂ ಒಪ್ಪಿಗೆ.

ಚಂದ್ರನ ಕಕ್ಷೆ ಸುಮಾರು 5 ಡಿಗ್ರಿ ಓರೆಯಾಗಿದೆ, ಹಾಗಾಗಿ ಪ್ರತಿ ಅಮಾವಾಸ್ಯೆಗೂ ಗ್ರಹಣ ಆಗುವುದಿಲ್ಲ. ಸುಮಾರು 173 ದಿನಗಳಿಗೊಮ್ಮೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವ ಕಾಲ ಕೂಡಿಬರುತ್ತದೆ. ಆಗ ಭೂಮಿಯ ಮೇಲೆ ಎಲ್ಲಾದರೂ ಒಂದು ಸೂರ್ಯಗ್ರಹಣವಂತೂ ಆಗಿಯೇ ಆಗುತ್ತದೆ. ಮಗು ಹೊಟ್ಟೆಯಲ್ಲಿರುವುದು ಸುಮಾರು 266 ದಿನ. ಅಂದರೆ ದಿನ ತುಂಬಿ ಹುಟ್ಟಿದ ಯಾವ ಮಗುವೂ ಗ್ರಹಣ ತಪ್ಪಿಸಿಕೊಂಡು ಬಂದಿಲ್ಲ. ನೀವು, ನಾನು, ಗ್ರಹಣ ಮುಟ್ಟಬಾರದೆಂದು ಎಚ್ಚರಿಸುವ ಅಜ್ಜಿಯೂ ಅಷ್ಟೇ. ಎಲ್ಲರಿಗೂ ಇರುವುದು ಒಬ್ಬರ ದೋಷಕ್ಕೆ ಕಾರಣವಾಗುವುದು ಹೇಗೆ?

"ಅದು ಕಣ್ಣಿಗೆ ಕಂಡ ಗ್ರಹಣವಾಗಿತ್ತಲ್ಲ" ಎಂದಳು ಅಮ್ಮ. ಸರಿ, ಅದನ್ನೂ ನೋಡೋಣ ಎಂದೆ. ಮಗುವಿನ ತುಟಿ ಕೂಡಿಕೊಳ್ಳುವುದು ಬಸುರಿನ 4ರಿಂದ 7ನೇ ವಾರದೊಳಗೆ, ಅಂಗುಳು 6ರಿಂದ 9ನೇ ವಾರದೊಳಗೆ. ಫೆಬ್ರವರಿ ಹೊತ್ತಿಗೆ ದೊಡ್ಡಮ್ಮನಿಗೆ 20 ವಾರ ದಾಟಿತ್ತು. ಅವಳು ಬದನೆಕಾಯಿಗೆ ಚಾಕು ಹಾಕುವ ಎಷ್ಟೋ ವಾರ ಮೊದಲೇ ಅಣ್ಣನ ತುಟಿ ಹೇಗಿರಬೇಕೋ ಹಾಗೆ ಆಗಿಹೋಗಿತ್ತು. ಸೀಳುತುಟಿಗೆ ವಂಶವಾಹಿಗಳು, ತಾಯಿಯ ಧೂಮಪಾನ, ಬಸುರಿಗೆ ಮುಂಚಿನಿಂದ ಇರುವ ಸಕ್ಕರೆ ಕಾಯಿಲೆ, ಮೂರ್ಛೆರೋಗದ ಕೆಲವು ಔಷಧಿಗಳು ಕಾರಣವಾಗಬಹುದು. ಬಹಳಷ್ಟು ಮಕ್ಕಳಲ್ಲಿ ಇದೇ ಕಾರಣ ಎಂದು ಬೊಟ್ಟು ಮಾಡಲು ವೈದ್ಯರಿಗೂ ಆಗುವುದಿಲ್ಲ. ಉತ್ತರವಿಲ್ಲದ ಆ ಜಾಗದಲ್ಲಿ ಗ್ರಹಣ ಬಂದು ಕೂರುತ್ತದೆ, ತಪ್ಪೆಲ್ಲ ತಾಯಿಯ ತಲೆಗೆ ಬರುತ್ತದೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದನ್ನ ಅಕ್ಕನಿಗೂ ಹೇಳೇ" ಎಂದಳು. ಮರುದಿನ ಹೇಳಿದೆ. ದೊಡ್ಡಮ್ಮ ವಾರಗಳನ್ನು ಬೆರಳಲ್ಲಿ ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. "ಹಂಗಾದ್ರ ನಾ ಮಾಡಿದ್ದಲ್ಲ?" ಎಂದಳು. ಇಷ್ಟು ಹೇಳಲು ನಾವು ನಲವತ್ತನಾಲ್ಕು ವರ್ಷ ತಡಮಾಡಿದ್ದೆವು.

ನಿಮ್ಮ ಮನೆಗೂ ಇಂಥ ಫೋನ್ ಬರಬಹುದು. 2026ರ ಆಗಸ್ಟ್ 12ರ ಖಗ್ರಾಸ ಗ್ರಹಣದ ದಾರಿ ಐಸ್‌ಲ್ಯಾಂಡ್, ಸ್ಪೇನ್ ಮೇಲೆ, 2027ರ ಆಗಸ್ಟ್ 2ರದ್ದು ಜೆಡ್ಡಾ ಮೇಲೆ. ಅಮ್ಮಂದಿರ ಜೊತೆ ವಾದಕ್ಕಿಳಿಯಬೇಡಿ. ಅವರ ಭಯದ ಹಿಂದೆ ಯಾರ ಕಥೆ ಇದೆ ಎಂದು ಕೇಳಿ. ಬಸುರಿಯಾಗಿದ್ದರೆ ಗ್ರಹಣವೆಂದು ಊಟ, ನೀರು ಬಿಡಬೇಡಿ. ನೋಡುವುದಾದರೆ ಐಎಸ್‌ಒ 12312-2 ಗುರುತಿನ ಕನ್ನಡಕ ಹಾಕಿಕೊಳ್ಳಿ. ಅದು ಬಸುರಿಗೆ ಮಾತ್ರ ಹೇಳುವ ಮಾತಲ್ಲ, ಎಲ್ಲರ ಕಣ್ಣಿಗೂ ಬೇಕು.

ಆ ದಿನ ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಇಲ್ಲಿ ಮಧ್ಯಾಹ್ನ ಮೂರೂಕಾಲು, ಶಿವಮೊಗ್ಗದಲ್ಲಿ ನಡುರಾತ್ರಿ ಕಳೆದಿತ್ತು. ಅಮ್ಮ ಎಚ್ಚರವಾಗಿಯೇ ಇದ್ದಳು, ಫೋನಿನಲ್ಲಿ ನನ್ನ ಜೊತೆಗೇ ಕತ್ತಲು ನೋಡಿದಳು. ಸುಮಾರು ನಾಲ್ಕು ನಿಮಿಷ. ಅಷ್ಟು ಹೊತ್ತು ನಾನು ಚಾಕು ಮುಟ್ಟಲಿಲ್ಲ. ಅದು ಗ್ರಹಣಕ್ಕೆ ಹೆದರಿ ಅಲ್ಲ, ಅಮ್ಮನಿಗೆ ಕೊಟ್ಟ ಮಾತು.