ಪೂರ್ತಿ ಸೆಟ್ ಬದಲಿಸಲೇಬೇಕೇ?

ಕಳೆದ ಆಗಸ್ಟ್‌ನಲ್ಲಿ ಮಳೆ ನಿಂತ ಮೇಲೆ ಅಭ್ಯಾಸಕ್ಕೆ ಹೋದಾಗ ನನ್ನ ಸೈಕಲ್ ಬಲಮಗ್ಗುಲಿಗೆ ಬಿತ್ತು. ನನಗೆ ಮೊಣಕೈ ತರಚಿದ್ದು ಅಷ್ಟೇ. ಆದರೆ ಹಿಂದಿನ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ, ಮುರಿದುಹೋಯಿತು. ಆಯ್ಕೆ ಸ್ಪರ್ಧೆಗೆ ಉಳಿದದ್ದು 18 ದಿನ.

ವಿಜಯಪುರದವರಿಗೆ ಸೈಕಲ್ ರೇಸಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಜಿಲ್ಲೆ ಮತ್ತು ಬಾಗಲಕೋಟೆಯ ಎಷ್ಟೋ ಹುಡುಗ ಹುಡುಗಿಯರು ರಾಷ್ಟ್ರಮಟ್ಟಕ್ಕೆ ಹೋಗಿದ್ದಾರೆ. ಅವರಲ್ಲಿ ಅನೇಕರು ರೈತರ, ಕೂಲಿ ಮಾಡುವವರ ಮಕ್ಕಳು. ಅಂಥ ಮನೆಗಳಿಗೆ ರೇಸ್ ಸೈಕಲ್ ಬರುವುದು ಸಾಮಾನ್ಯವಾಗಿ ಬೇರೆಯವರು ಬಳಸಿ ಬಿಟ್ಟ ಮೇಲೆಯೇ. ನನ್ನದೂ ಅಂಥದ್ದೇ. ಶಿಮಾನೊ ಕ್ಲಾರಿಸ್ ಗೇರು, ಹಿಂದೆ 8 ಹಲ್ಲುಚಕ್ರ, ನನಗಿಂತ ಮುಂಚೆ ಇಬ್ಬರು ಹೊಡೆದದ್ದು.

ಹಿರಿಯ ವಿದ್ಯಾರ್ಥಿಯಾಗಿದ್ದ ಭಾಯಿಯೊಬ್ಬರು ತಮ್ಮ ಬಳಿ ಇದ್ದ 105 ಡಿರೇಲರ್ ಕೊಟ್ಟರು. 11 ಸ್ಪೀಡಿನದು, ನನ್ನದಕ್ಕಿಂತ ಮೂರು ದರ್ಜೆ ಮೇಲಿನದು, ಹೊಸತು. ಬೋಲ್ಟು ಸರಿಯಾಗಿ ಕೂತಿತು, ಕೇಬಲ್ ಹಿಡಿಯಿತು. ನನಗೋ ಹಬ್ಬ! ರಸ್ತೆಗಿಳಿದರೆ ಮೊದಲ ಎರಡು ಗೇರು ಹೇಗೋ ಬಿದ್ದವು. ಆಮೇಲೆ ಚೈನ್ ಎರಡು ಚಕ್ರಗಳ ನಡುವೆ ಸಿಕ್ಕಿಕೊಂಡು ಕಟಕಟ ಎನ್ನತೊಡಗಿತು. ಅಂಗಡಿಗೆ ಒಯ್ದೆ. ಅಲ್ಲಿನವರು ಒಂದು ನಿಮಿಷವೂ ನೋಡಲಿಲ್ಲ. “ಪೂರ್ತಿ ಸೆಟ್ ಬದಲಿಸಬೇಕು ತಮ್ಮಾ. ಹಳೇದು ಹೊಸಾದು ಎಂದೂ ಕೂಡಂಗಿಲ್ಲ” ಅಂದರು. 26,000 ರೂಪಾಯಿ. ಆ ಲೆಕ್ಕವನ್ನು ಅಬ್ಬಾರ ಮುಂದೆ ಇಡಲು ನನಗೆ ಬಾಯಿ ಬರಲಿಲ್ಲ.

ಅಂಗಡಿಯವರ ಆ ಮಾತು ಅರ್ಧ ಮಾತ್ರ ನಿಜ ಎಂಬುದು ನನ್ನ ವಾದ. ಉಳಿದ ಅರ್ಧಕ್ಕೆ ನಮ್ಮಂಥವರು ದುಡ್ಡು ಕೊಡುತ್ತಿದ್ದೇವೆ.

ನಮ್ಮ ಹಿರಿಯರು ಇದಕ್ಕೆ ತದ್ವಿರುದ್ಧವಾಗಿ, ಯಾವುದಕ್ಕೆ ಯಾವುದಾದರೂ ಕೂಡುತ್ತದೆ ಎನ್ನುತ್ತಾರೆ. ಅವರ ಕಾಲಕ್ಕೆ ಅದು ಸರಿಯೇ. ಆಗ ಗೇರಿನ ಲಿವರ್‌ಗೆ ಕ್ಲಿಕ್ ಇರಲಿಲ್ಲ. ಕಿವಿಗೊಟ್ಟು ಕೇಳುತ್ತಾ, ಸದ್ದು ನಿಲ್ಲುವವರೆಗೆ ಸರಿಸುತ್ತಿದ್ದರು. ಶಿಮಾನೊ ಕಂಪನಿ 1984ರಲ್ಲಿ ಡ್ಯೂರಾ-ಏಸ್ ಸೆಟ್‌ನಲ್ಲಿ ಒಂದು ಕ್ಲಿಕ್‌ಗೆ ಒಂದು ಗೇರು ಎಂಬ ವ್ಯವಸ್ಥೆ ತಂದಿತು. ಅಲ್ಲಿಂದ ಎಲ್ಲವೂ ಮಿಲಿಮೀಟರಿನ ಲೆಕ್ಕವಾಯಿತು.

ಲೆಕ್ಕ ಕಷ್ಟದ್ದಲ್ಲ, ನಮ್ಮ ಭೌತಶಾಸ್ತ್ರದ ಮೊದಲ ಅಧ್ಯಾಯಕ್ಕಿಂತ ಸುಲಭ. 8 ಸ್ಪೀಡಿನ ಶಿಮಾನೊ ಶಿಫ್ಟರ್ ಒಂದು ಕ್ಲಿಕ್‌ಗೆ ಸುಮಾರು 2.8 ಮಿ.ಮೀ. ಕೇಬಲ್ ಎಳೆಯುತ್ತದೆ. ಅದಕ್ಕೆ ಹೊಂದುವ ಡಿರೇಲರ್ ಆ ಎಳೆತದ ಸುಮಾರು 1.7ರಷ್ಟು ಸರಿಯುತ್ತದೆ. ಗುಣಿಸಿದರೆ 4.8 ಮಿ.ಮೀ. 8 ಸ್ಪೀಡ್ ಕ್ಯಾಸೆಟ್‌ನಲ್ಲಿ ಒಂದು ಹಲ್ಲುಚಕ್ರದಿಂದ ಮುಂದಿನದಕ್ಕೆ ಇರುವ ದೂರವೂ ಅಷ್ಟೇ. ಆದರೆ 11 ಸ್ಪೀಡ್ ರಸ್ತೆ ಸೈಕಲಿನ ಡಿರೇಲರ್ ಸರಿಯುವುದು ಎಳೆತದ ಸುಮಾರು 1.4ರಷ್ಟು ಮಾತ್ರ. ಹಾಗಾಗಿ ನನ್ನ ಶಿಫ್ಟರ್‌ಗೆ ಅದು ಒಂದು ಕ್ಲಿಕ್‌ಗೆ 3.9 ಮಿ.ಮೀ. ಹೋಗುತ್ತಿತ್ತು. ಏಳು ಕ್ಲಿಕ್ ಮುಗಿಯುವಷ್ಟರಲ್ಲಿ 6 ಮಿ.ಮೀ. ಕೊರತೆ, ಅಂದರೆ ಒಂದು ಹಲ್ಲುಚಕ್ರಕ್ಕಿಂತ ಹೆಚ್ಚು. ಎಷ್ಟು ದುಬಾರಿಯದಾದರೂ ಅದು ನನ್ನ ಸೈಕಲಿಗಲ್ಲ.

ಹಾಗಾದರೆ ಏನು ಹಾಕಿದೆವು? ನಮ್ಮ ಓಣಿಯ ಮಿಸ್ತ್ರಿ ಚಾಚಾ ತಗಡಿನ ಡಬ್ಬಿಯಿಂದ 9 ಸ್ಪೀಡಿನ ಹಳೆಯ ಸೋರಾ ಡಿರೇಲರ್ ತೆಗೆದರು. “ಚಾಚಾ, ನನ್ನದು ಎಂಟರದ್ದು” ಅಂದೆ. “ಎಣಿಸೋದು ಶಿಫ್ಟರ್ ಬೇಟಾ, ಇದಕ್ಕೆ ಎಣಿಕೆ ಎಲ್ಲಿ ಬರ್ತದ?” ಅಂದರು. ನಿಜ. ಡಿರೇಲರ್ ಬರೀ ಎಳೆದಷ್ಟು ಸರಿಯುತ್ತದೆ. ಶಿಮಾನೊದ 8, 9 ಮತ್ತು ಹಿಂದಿನ 10 ಸ್ಪೀಡಿನ ರಸ್ತೆ ಡಿರೇಲರ್‌ಗಳಲ್ಲಿ ಬಹುತೇಕ ಎಲ್ಲದರ ಅನುಪಾತ ಅದೇ 1.7. ಚಾಚಾ ಮೊದಲು ಫ್ರೇಮಿನ ಸೊಟ್ಟ ಹ್ಯಾಂಗರನ್ನು ನೆಟ್ಟಗೆ ಮಾಡಿ, ಆಮೇಲೆ ಜೋಡಿಸಿದರು. ಕೂಲಿಯೂ ಸೇರಿ 500 ರೂಪಾಯಿ. ಎಂಟೂ ಗೇರು ಬಿದ್ದವು. (ಆಯ್ಕೆಯಲ್ಲಿ ನಾನು ಹಿಂದುಳಿದೆ. ಅದು ಕಾಲಿನ ತಪ್ಪು, ಗೇರಿನದಲ್ಲ.)

ಇದನ್ನು ಓದಿ ಕಂಡದ್ದನ್ನೆಲ್ಲ ಜೋಡಿಸಲು ಹೊರಡಬೇಡಿ. ಟಿಯಾಗ್ರಾ 4700 ಎಂಬ 10 ಸ್ಪೀಡ್ ಸೆಟ್ ಇದೆ. ಹೆಸರಿಗೆ ಹತ್ತು, ಅನುಪಾತ ಮಾತ್ರ ಹನ್ನೊಂದರದ್ದು. ಹಿಂದಿನ 10 ಸ್ಪೀಡಿನ ಶಿಫ್ಟರ್ ಜೊತೆ ಅದು ಕೂಡುವುದಿಲ್ಲ. ಶಿಫ್ಟರ್ ಮತ್ತು ಕ್ಯಾಸೆಟ್‌ಗಳ ಎಣಿಕೆಯಂತೂ ಒಂದೇ ಇರಬೇಕು. 8, 9, 10ರ ಕ್ಯಾಸೆಟ್‌ಗಳು ಒಂದೇ ಹಬ್ ಮೇಲೆ ಕೂರುತ್ತವೆ, ಆದರೆ ರಸ್ತೆ ಸೈಕಲಿನ ಸಾಮಾನ್ಯ 11 ಸ್ಪೀಡ್ ಕ್ಯಾಸೆಟ್‌ಗೆ 1.85 ಮಿ.ಮೀ. ಹೆಚ್ಚು ಉದ್ದದ ಹಬ್ ಬೇಕು. ದೊಡ್ಡ ಹಲ್ಲುಚಕ್ರವಿದ್ದರೆ ಡಿರೇಲರ್ ಅದನ್ನು ತಾಳುತ್ತದೆಯೇ ಎಂದೂ ನೋಡಬೇಕು. ಇನ್ನು ಚೈನ್. ಸರಕಾರ 8ನೇ ತರಗತಿಯವರಿಗೆ ಕೊಡುತ್ತಿದ್ದ ಸೈಕಲಿನ ಅಗಲದ ಚೈನ್ ಗೇರ್ ಸೈಕಲಿಗೆ ಬರುವುದೇ ಇಲ್ಲ, ಎರಡಕ್ಕೂ ಕೊಂಡಿಯ ಅಂತರ ಅದೇ ಅರ್ಧ ಇಂಚು ಇದ್ದರೂ.

ಎಲ್ಲರೂ ಮರೆಯುವುದು ಸವೆತವನ್ನು. ಕ್ಯಾಸೆಟ್ ಸವೆದಿದ್ದರೆ ಸರಿಯಾದ ಅಳತೆಯ ಹೊಸ ಚೈನ್ ಕೂಡ ಹಲ್ಲಿನ ಮೇಲೆ ಹಾರುತ್ತದೆ. ಏರಿನಲ್ಲಿ ಎದ್ದು ನಿಂತು ಪೆಡಲ್ ತುಳಿಯುವಾಗ ಹಾಗೆ ಹಾರಿದರೆ ಎದೆ ಹ್ಯಾಂಡಲ್ ಮೇಲೆ ಬೀಳುತ್ತದೆ. ಅಳೆಯಲು ಒಂದು ಸ್ಟೀಲ್ ಟೇಪ್ ಸಾಕು. ಒಳಗಿನದು ಹೊರಗಿನದು ಸೇರಿ ಒಂದು ಜೋಡಿ ಎಂದು 12 ಜೋಡಿ ಎಣಿಸಿ, ಪಿನ್ನಿನಿಂದ ಪಿನ್ನಿಗೆ ಅಳೆಯಿರಿ. ಹೊಸ ಚೈನ್ ಸರಿಯಾಗಿ 12 ಇಂಚು ಬರುತ್ತದೆ. ಸುಮಾರು ಒಂದೂವರೆ ಮಿ.ಮೀ. ಹೆಚ್ಚು ಬಂದರೆ ಚೈನ್ ಬದಲಿಸಬೇಕು. 3 ಮಿ.ಮೀ. ದಾಟಿದ್ದರೆ ಕ್ಯಾಸೆಟ್ಟೂ ಹೋಗಿರುವ ಸಂಭವ ಹೆಚ್ಚು.

ಅಂಗಡಿಯವರ ಕಡೆಯಿಂದಲೂ ಒಂದು ಮಾತಿದೆ. ಅವರು ಕೊಟ್ಟ ಸಾಮಾನಿಗೆ ಅವರೇ ಹೊಣೆ. ಮಿತಿಯ ಸ್ಕ್ರೂ ಸರಿಯಾಗಿ ಕಟ್ಟದಿದ್ದರೆ ಡಿರೇಲರ್ ಹಿಂದಿನ ಚಕ್ರದ ಕಡ್ಡಿಗಳೊಳಗೆ ಸಿಕ್ಕಿ ಹುಡುಗನನ್ನು ಕೆಡವಬಹುದು. ಅದಕ್ಕೆ ಹೆದರಿ ಹೊಸ ಸೆಟ್ ಎನ್ನುವುದು ಅರ್ಥವಾಗುತ್ತದೆ. ಆದರೆ ಅಳೆಯದೆ ಹೇಳುವುದು ಸರಿಯಲ್ಲ. ಪ್ರಥಮ ಪಿಯುಸಿಯ ನನ್ನ ಗೆಳೆಯನೊಬ್ಬ ಇದೇ ಮಾತು ಕೇಳಿ ಸೈಕಲನ್ನು ಮಾರಿದ. ಈಗ ಅವನು ಅಭ್ಯಾಸಕ್ಕೆ ಬರುವುದಿಲ್ಲ. ಅವನ ಶಿಫ್ಟರ್ ಚೆನ್ನಾಗಿತ್ತು, ಹೋಗಿದ್ದದ್ದು ಚೈನ್ ಮತ್ತು ಕ್ಯಾಸೆಟ್ ಅಷ್ಟೇ.

ದೈಹಿಕ ಶಿಕ್ಷಣದ ಸರ್ ಅವರಲ್ಲಿ ನನ್ನ ಕೋರಿಕೆ ಇದು. ಕ್ರೀಡಾ ಕೊಠಡಿಯಲ್ಲಿ ಒಂದು ಡಬ್ಬಿ ಇಡಲು ಅವಕಾಶ ಕೊಡಿ, ಸರ್. ಕಾಲೇಜು ಮುಗಿಸಿ ಹೋಗುವವರು, ಹೊಸ ಸೆಟ್ ಹಾಕಿಸಿಕೊಂಡವರು ತಮ್ಮ ಹಳೆಯ ಭಾಗಗಳನ್ನು ಅದರಲ್ಲಿ ಹಾಕಲಿ. ಪ್ರತಿಯೊಂದಕ್ಕೂ ಎಷ್ಟು ಸ್ಪೀಡು, ಯಾವ ಮಾದರಿ ಎಂದು ಚೀಟಿ ಅಂಟಿಸುವ ಕೆಲಸ ನಾನು ಮಾಡುತ್ತೇನೆ. ತಿಂಗಳಿಗೊಂದು ಶನಿವಾರ ಬಂದು ನೋಡಲು ಮಿಸ್ತ್ರಿ ಚಾಚಾ ಒಪ್ಪಿದ್ದಾರೆ, ಚಹಾ ಮಾತ್ರ ಕೊಡಬೇಕಂತೆ. ಮೊದಲ ಸಾಮಾನು ಸಿದ್ಧವಾಗಿದೆ. ಭಾಯಿಯವರನ್ನು ಕೇಳಿಯೇ ಆ 105 ಡಿರೇಲರ್‌ಗೆ ಚೀಟಿ ಕಟ್ಟಿದ್ದೇನೆ: “11 ಸ್ಪೀಡ್. 8ಕ್ಕೆ ಹಾಕಬೇಡಿ, ನಾನು ಹಾಕಿ ನೋಡಿದ್ದೇನೆ.”

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ